ಬೆಳಗಾವಿ ದಾರಿಯ ಎದುರುಗಾಳಿ

ವಿಮಾನ ನಿಲ್ದಾಣದ ಕೌಂಟರಿನ ಹಿಂದೆ ಈಗಷ್ಟೇ ಹೋಗಿ ನಿಂತಿರುವ ಮಕ್ಕಳೇ, ನಿಮ್ಮ ತರಬೇತಿಯಲ್ಲಿ ಟೈ ಕಟ್ಟುವುದು ಹೇಗೆ, ಬೈಸಿಕೊಂಡರೂ ನಗುವುದು ಹೇಗೆ ಎಂದೆಲ್ಲ ಹೇಳಿಕೊಟ್ಟಿರುತ್ತಾರೆ. ‘ಎಷ್ಟು ದೂರ, ಎಷ್ಟು ಹೊತ್ತು?’ ಎಂದು ಯಾರಾದರೂ ಕೇಳಿದರೆ ಏನು ಹೇಳಬೇಕು ಎನ್ನುವುದನ್ನು ಮಾತ್ರ ಹೇಳಿಕೊಟ್ಟಿರುವುದಿಲ್ಲ. ಪರದೆಯ ಮೇಲೇ ಇರುತ್ತದಲ್ಲ, ಅದರಲ್ಲೇನಿದೆ ಕಷ್ಟ ಅಂದುಕೊಂಡಿರುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಆ ಎರಡು ಪ್ರಶ್ನೆಗಳಿಗೆ ಉತ್ತರ ಹೇಳುವುದರಲ್ಲೇ ನನ್ನ ನೌಕರಿ ಮುಗಿಯಿತು, ಮಾನವೂ ಅಲ್ಲೇ ಹೋಯಿತು.

ಬಡ್ತಿಗಳ ಕಥೆ ಹೇಳುವುದಿಲ್ಲ. ಎರಡು ಸಿಕ್ಕವು. ಎರಡೂ ಸಲ ನನಗಿಂತ ಮುಂದಿದ್ದವರು ಬೇಸತ್ತು ಕೆಲಸ ಬಿಟ್ಟಿದ್ದರು, ಕುರ್ಚಿ ಖಾಲಿಯಿತ್ತು, ಹತ್ತಿರದಲ್ಲಿ ನಾನಿದ್ದೆ.

ಹೊತ್ತಿನ ವಿಷಯದಲ್ಲಿ ನಮ್ಮ ಮನೆತನಕ್ಕೇ ಸ್ವಲ್ಪ ಜಂಬ ಹೆಚ್ಚು. ನಮ್ಮಜ್ಜ ಅರಮನೆಯ ಗಡಿಯಾರಗಳಿಗೆ ಕೀ ಕೊಡುವ ಕೆಲಸದಲ್ಲಿದ್ದರು. ದೊಡ್ಡ ಹುದ್ದೆಯೇನಲ್ಲ. ಆದರೆ ಮನೆಯಲ್ಲಿ ಅದನ್ನು ಹೇಳುವಾಗ, ಮಹಾರಾಜರು ನಮ್ಮಜ್ಜನನ್ನು ಕೇಳಿಯೇ ಊಟಕ್ಕೆ ಏಳುತ್ತಿದ್ದರೇನೋ ಅನ್ನುವ ಹಾಗೆ ಹೇಳುತ್ತಿದ್ದರು. ಆ ಜಂಬವನ್ನು ಹೊತ್ತುಕೊಂಡೇ ನಾನು ಊರೊಳಗಿನ ಒಂದು ಟಿಕೆಟ್ ಕಚೇರಿಗೆ ಸೇರಿದೆ. ಆಗ ಮೈಸೂರಿನಿಂದ ನಮ್ಮ ಪಾಲಿಗೆ ವಿಮಾನವೇ ಇರಲಿಲ್ಲ. ಬೆಂಗಳೂರಿನಿಂದ ಹಾರುವವರಿಗೆ ಇಲ್ಲಿ ಕೂತು ಟಿಕೆಟ್ ಬರೆದು ಕೊಡುತ್ತಿದ್ದೆವು.

ಅಲ್ಲಿ ನನ್ನ ಮೇಲಧಿಕಾರಿ ನರಸಿಂಹಯ್ಯನವರು. ಅವರ ಬೆನ್ನ ಹಿಂದಿನ ಗೋಡೆಯ ಮೇಲೆ ಭಾರತದ ದೊಡ್ಡ ಭೂಪಟ, ಬೆಂಗಳೂರಿನ ಮೇಲೊಂದು ಗುಂಡುಸೂಜಿ, ಸೂಜಿಗೆ ಕಟ್ಟಿದ ಒಂದು ದಾರ. ದಾರದ ಮೇಲೆ ನೂರು ಕಿಲೋಮೀಟರಿಗೊಂದರಂತೆ ಮಸಿಯ ಗುರುತು. ಯಾರಾದರೂ ದೂರ ಕೇಳಿದರೆ ದಾರವನ್ನು ಆ ಊರಿನ ತನಕ ಹಿಡಿದು ಗುರುತು ಎಣಿಸಿ ಹೇಳುತ್ತಿದ್ದರು. ದಾರ ಸವೆದು ಜುಂಜು ಜುಂಜಾದಾಗ ಹೊಸದು ತರಲು ನನ್ನನ್ನು ಸಂತೆಪೇಟೆಗೆ ಕಳಿಸಿದರು. ಬಾಳಿಕೆ ಬರಲಿ ಎಂದು ನಾನು ಮಿರಮಿರ ಮಿಂಚುವ ಎಲಾಸ್ಟಿಕ್ ದಾರ ತಂದೆ. ನಾನೇ ಅಳತೆಪಟ್ಟಿ ಇಟ್ಟು ಗುರುತು ಹಾಕಿದೆ, ನಾನೇ ಕಟ್ಟಿದೆ.

ನಾಲ್ಕು ದಿನ ಎಲ್ಲವೂ ಚೆನ್ನಾಗಿತ್ತು. ಐದನೆಯ ದಿನ ಸರ್ವೆ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು ದೆಹಲಿ ಎಷ್ಟು ದೂರ ಎಂದು ಕೇಳಿದರು. ನಾನು ಹುಮ್ಮಸ್ಸಿನಿಂದ ದಾರ ಜಗ್ಗಿ ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು, “ಇನ್ನೊಂದ್ಸಲ ಅಳೀರಿ” ಅಂದರು. ಎರಡನೆಯ ಸಲ ದೆಹಲಿ ಇನ್ನಷ್ಟು ಹತ್ತಿರ ಬಂದಿತ್ತು. ನರಸಿಂಹಯ್ಯನವರು ಎದ್ದು ಬಂದು ದಾರವನ್ನು ಬೆರಳಲ್ಲಿ ಮೀಟಿ ನೋಡಿದರು. “ಏನಯ್ಯಾ ಇದು? ನೀನು ಎಳೆದಷ್ಟೂ ಊರು ಹತ್ತಿರ ಬರುತ್ತೇನಯ್ಯಾ?” ಎಂದರು. ಆ ಮಾತನ್ನು ನಾನು ಅವತ್ತೇ ಮನಸ್ಸಿಗೆ ಹಾಕಿಕೊಳ್ಳಬೇಕಿತ್ತು. ಹಾಕಿಕೊಳ್ಳಲಿಲ್ಲ.

ಮುಂದೆ ಮೈಸೂರಿನದೇ ಮಂಡಕಳ್ಳಿ ನಿಲ್ದಾಣದಿಂದ ವಿಮಾನಗಳು ಹಾರತೊಡಗಿದಾಗ ನಾನು ಅಲ್ಲಿಗೆ ಬಂದೆ. ದಾರ ಹೋಯಿತು, ಕಂಪ್ಯೂಟರ್ ಬಂತು. ಅಲ್ಲಿನ ಮೇಲಧಿಕಾರಿ ಪೊನ್ನಮ್ಮ ಮೇಡಂ, ಕೊಡಗಿನವರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಬೈಯುವುದರಲ್ಲಿ ಹಿರಿಯರು. ಮೊದಲನೆಯ ದಿನವೇ ನನ್ನನ್ನು ವಿಮಾನದ ಬಳಿ ಕರೆದೊಯ್ದು ಚಕ್ರಕ್ಕೆ ಕೊಟ್ಟಿದ್ದ ಹಳದಿ ಬಣ್ಣದ ಅಡೆಯನ್ನು ತೋರಿಸಿದರು. “ನಿಮ್ಮ ಟಿಕೆಟ್ಟಿನ ಮೇಲಿರೋ ಹೊತ್ತು ಹಾರೋ ಹೊತ್ತಲ್ಲ, ತಿಳೀತಾ? ಇಲ್ಲಿ ಈ ಅಡೆ ತೆಗೆದಾಗಿಂದ ಅಲ್ಲಿ ಅಡೆ ಇಡೋ ತನಕ. ಮಿಕ್ಕಿದ್ದು ಪ್ರಯಾಣಿಕರ ಹಣೆಬರಹ” ಎಂದರು. ಈ ‘ಮಿಕ್ಕಿದ್ದು’ ಎನ್ನುವ ಮಾತು ನನಗೆ ಕೇಳಿಸಿತು, ಒಳಗೆ ಇಳಿಯಲಿಲ್ಲ.

ಒಂದು ಶುಕ್ರವಾರ ಮದುವೆಗೆ ಹೊರಟಿದ್ದ ಯಜಮಾನರೊಬ್ಬರು ಹತ್ತೂವರೆಯೊಳಗೆ ವಿಮಾನ ಹೊರಡಲೇಬೇಕೆಂದು ಪಟ್ಟು ಹಿಡಿದರು. ಆಮೇಲೆ ರಾಹುಕಾಲ. ಹತ್ತು ಇಪ್ಪತ್ತೆಂಟಕ್ಕೆ ಅಡೆ ತೆಗೆಯುತ್ತಾರೆ ಎಂದು ನಾನು ಸಮಾಧಾನ ಹೇಳಿದರೆ, “ಚಕ್ರ ನೆಲ ಬಿಡೋದು ಯಾವಾಗ ಅದು ಹೇಳ್ರೀ” ಎಂದರು. ಹತ್ತು ಮೂವತ್ತೈದು ಎಂದೆ. ಅವರು ಕುಸಿದು ಕೂತರು. ಹೊರಟಿದ್ದು ಅಂದರೆ ಅಡೆ ತೆಗೆದಾಗಲೋ ನೆಲ ಬಿಟ್ಟಾಗಲೋ ಎಂದು ನಾವಿಬ್ಬರೂ ಧರ್ಮಶಾಸ್ತ್ರದ ಚರ್ಚೆಗೆ ಇಳಿದೆವು. ಹಿಂದಿದ್ದ ಸರತಿ ಬೆಳೆಯುತ್ತಾ ಹೋಯಿತು. ಕೊನೆಗೆ ಪೊನ್ನಮ್ಮ ಮೇಡಂ ಬಂದು, “ನೀವು ಮನೆ ಹೊಸಿಲು ದಾಟಿದ್ದು ಎಷ್ಟೊತ್ತಿಗೆ ಸರ್?” ಎಂದು ಕೇಳಿದರು. ಎಂಟಕ್ಕೆ ಎಂದರು ಅವರು. “ಹಾಗಾದ್ರೆ ನೀವು ಹೊರಟಿದ್ದು ಎಂಟಕ್ಕೇ. ಇದೆಲ್ಲ ದಾರಿ ಮಧ್ಯದ್ದು.” ಯಜಮಾನರ ಮುಖ ಅರಳಿತು. ನಾನು ಮೇಡಂ ಜಾಣತನಕ್ಕೆ ತಲೆದೂಗಿ ಮುಂದಿನವರಿಗೆ ಬೋರ್ಡಿಂಗ್ ಪಾಸ್ ಕೊಟ್ಟೆ. ಪ್ರಯಾಣ ಮನೆಯ ಬಾಗಿಲಿಂದ ಶುರುವಾಗುತ್ತದೆ ಎನ್ನುವ ಪಾಠವನ್ನು ಜಾಣತನ ಎಂದಷ್ಟೇ ತಿಳಿದ ದಡ್ಡ ನಾನು.

ಈಗ ಮಾದಪ್ಪನವರ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿದ್ದು ಅದನ್ನು ಹೇಳುವ ಧೈರ್ಯ ಸಾಲದೆ.

ನನ್ನ ವಾರದ ರಜೆ ಮಂಗಳವಾರ. ಅವತ್ತು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದು ನನ್ನ ರೂಢಿ. ಏದುಸಿರು ಬಂದಾಗಲೆಲ್ಲ ಕೈ ಮುಗಿದು ಕಣ್ಣು ಮುಚ್ಚಿ ನಿಲ್ಲುತ್ತಿದ್ದೆನಾದ್ದರಿಂದ ನೋಡಿದವರಿಗೆ ನಾನು ಬಹಳ ಭಕ್ತನಂತೆ ಕಾಣುತ್ತಿದ್ದೆ. ಮೇಲೆ ಮಾದಪ್ಪನವರ ಹೂಕಾಯಿ ಅಂಗಡಿ. ನಾನು ಕಂಡರೆ ಸಾಕು, ಅಕ್ಕಪಕ್ಕದವರಿಗೆ ಕೇಳಿಸುವಂತೆ “ಏರ್‌ಪೋರ್ಟ್ ಸಾಹೇಬ್ರು ಬಂದ್ರು” ಎನ್ನುತ್ತಿದ್ದರು. ಕೌಂಟರಿನಲ್ಲಿ ದಿನವಿಡೀ ಬೈಸಿಕೊಳ್ಳುವವನಿಗೆ ಆ ಮಾತು ಎಷ್ಟು ಹಿತವಾಗಿತ್ತೆಂದರೆ, ಅದಕ್ಕಾಗಿಯೇ ಸಾವಿರ ಮೆಟ್ಟಿಲು ಹತ್ತುತ್ತಿದ್ದೆನೇನೋ ಎಂಬ ಗುಮಾನಿ ನನಗೇ ಇದೆ.

ಅವರ ಮಗಳು ಗಿರಿಜಾ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಬೋಗಾದಿಯ ಒಂದು ಟ್ಯುಟೋರಿಯಲ್‌ನಲ್ಲಿ ಪಾಠ ಹೇಳುತ್ತಿದ್ದಳು. ಒಂದು ಮಂಗಳವಾರ ಅವಳಿಗೆ ಬೆಳಗಾವಿಯ ಕಾಲೇಜೊಂದರಿಂದ ಸಂದರ್ಶನದ ಪತ್ರ ಬಂದಿತ್ತು. ಕಾಯಂ ಉಪನ್ಯಾಸಕಿ ಹುದ್ದೆ. ಆ ಸಾಲಿನ ಅಂಗಡಿಯವರ ಮಕ್ಕಳಲ್ಲಿ ಯಾರಿಗೂ ಅಂಥದ್ದೊಂದು ಕಾಗದ ಬಂದಿರಲಿಲ್ಲ. ಮಾದಪ್ಪ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬಂದವರಿಗೆಲ್ಲ ತೋರಿಸುತ್ತಿದ್ದರು. ಸಂದರ್ಶನದ ಹಿಂದಿನ ದಿನವೇ ಬಸ್ಸಿನಲ್ಲಿ ಕರೆದುಕೊಂಡು ಹೋಗುವುದು ಎಂದು ತೀರ್ಮಾನವಾಗಿತ್ತು.

ನನ್ನ ನಾಲಗೆ ಸುಮ್ಮನಿರಬೇಕಲ್ಲ. “ಬಸ್ಸು ಯಾಕ್ರೀ ಮಾದಪ್ಪ? ನಮ್ಮಲ್ಲಿಂದ ಬೆಳಗಾವಿಗೆ ವಿಮಾನ ಇದೆ. ಒಂದು ಗಂಟೆ ಐದು ನಿಮಿಷ. ಇಲ್ಲಿ ಇಡ್ಲಿ ತಿಂದ ಕೈ ಒಣಗೋದ್ರೊಳಗೆ ಅಲ್ಲಿರ್ತಾಳೆ” ಎಂದೆ.

“ಅದೆಂಗೆ ಸ್ವಾಮಿ? ಬಸ್ನಲ್ಲಿ ಒಂದಿಡೀ ದಿನ ಆಯ್ತದೆ ಅಂತಾರೆ.”

“ಬಸ್ಸು ಊರೂರು ಸುತ್ತುತ್ತೆ. ವಿಮಾನ ನೇರ. ದೂರವೇ ಕಮ್ಮಿ.”

ಗಿರಿಜಾ ಮಾತ್ರ ಪತ್ರ ನೋಡುತ್ತಾ ಕೇಳಿದಳು. “ಸರ್, ಹನ್ನೊಂದಕ್ಕೆ ಅಲ್ಲಿರ್ಬೇಕು. ಆಮೇಲೆ ಬಂದೋರನ್ನ ಬಿಡಲ್ಲ ಅಂತ ಬರ್ದವ್ರೆ.”

“ಒಂಬತ್ತಕ್ಕೆ ಹೊರಟು ಹತ್ತೂ ಐದಕ್ಕೆ ಇಳೀತೀಯ ಕಣಮ್ಮ. ಮಿಕ್ಕ ಐವತ್ತೈದು ನಿಮಿಷ ಏನು ಮಾಡೋದು ಅಂತ ಈಗಲೇ ಯೋಚನೆ ಮಾಡ್ಕೋ.”

ಸುತ್ತ ನಿಂತಿದ್ದವರು ನಕ್ಕರು. ಮಾದಪ್ಪನೂ ನಕ್ಕರು. ಬಸ್ಸಿನ ಟಿಕೆಟ್ ರದ್ದಾಯಿತು.

ಹೊರಡುವ ದಿನ ನಾನೇ ಕೌಂಟರಿನಲ್ಲಿದ್ದೆ. ಗಿರಿಜಾ ಒಬ್ಬಳೇ ಹೊರಟಿದ್ದಳು. ಕೈಯಲ್ಲೊಂದು ಚಿಕ್ಕ ಸೂಟ್‌ಕೇಸ್, ಅಂಕಪಟ್ಟಿ, ಪ್ರಮಾಣಪತ್ರ ಎಲ್ಲದರ ಅಸಲು ಪ್ರತಿಗಳು ಅದರೊಳಗೆ. ಜೊತೆಯಲ್ಲೇ ಇಟ್ಟುಕೊಳ್ಳುತ್ತೇನೆ ಎಂದಳು. “ಹೊರೆ ಯಾಕಮ್ಮ? ಕೆಳಗೆ ಹಾಕು, ಕೈ ಬೀಸ್ಕೊಂಡು ಹೋಗು” ಎಂದು ನಾನೇ ಅದಕ್ಕೆ ಚೀಟಿ ಅಂಟಿಸಿ ಬೆಲ್ಟಿನ ಮೇಲೆ ತಳ್ಳಿದೆ. ವಿಮಾನ ಸರಿಯಾಗಿ ಒಂಬತ್ತಕ್ಕೆ ಹೊರಟಿತು. ಹತ್ತು ಗಂಟೆ ಐದು ನಿಮಿಷಕ್ಕೆ ಬೆಳಗಾವಿಯಲ್ಲಿ ಚಕ್ರಕ್ಕೆ ಅಡೆ ಕೊಟ್ಟರು ಎಂಬ ಸುದ್ದಿ ಬಂತು. ಒಂದು ನಿಮಿಷ ಹಿಂದಿಲ್ಲ, ಮುಂದಿಲ್ಲ. ನಾನು ಕ್ಯಾಂಟೀನಿಗೆ ಹೋಗಿ ನನಗೆ ನಾನೇ ಒಂದು ಮಸಾಲೆ ದೋಸೆ ಕೊಡಿಸಿಕೊಂಡೆ.

ನಾನು ದೋಸೆ ತಿನ್ನುತ್ತಿದ್ದ ಹೊತ್ತಿಗೆ ಅವಳು ಅಲ್ಲಿ ಸೂಟ್‌ಕೇಸಿಗಾಗಿ ಕಾಯುತ್ತಿದ್ದಳು. ಅದು ಬರುವುದಕ್ಕೆ ಇಪ್ಪತ್ತೈದು ನಿಮಿಷ. ಆಮೇಲೆ ಟ್ಯಾಕ್ಸಿಗೆ ಸರತಿ. ವಿಮಾನ ನಿಲ್ದಾಣ ಊರ ಹೊರಗೆ, ಕಾಲೇಜು ಊರಿನ ಇನ್ನೊಂದು ತುದಿಗೆ, ನಡುವೆ ಕಬ್ಬಿನ ಲಾರಿಗಳು. ಅವಳು ಕಾಲೇಜಿನ ಗೇಟು ಮುಟ್ಟಿದಾಗ ಹನ್ನೊಂದು ಇಪ್ಪತ್ತು. ಒಳಗೆ ಬಿಡಲಿಲ್ಲ. ಬಸ್ಸಿನಲ್ಲಿ ಹೋಗಿದ್ದರೆ ಹಿಂದಿನ ಸಂಜೆಯೇ ಅಲ್ಲಿರುತ್ತಿದ್ದಳು.

ಇದು ನನಗೆ ಗೊತ್ತಾಗಿದ್ದು ಮುಂದಿನ ಮಂಗಳವಾರ. ಅಂಗಡಿಯ ಮುಂದೆ ನಾಲ್ಕಾರು ಜನ ಗಿರಾಕಿಗಳಿದ್ದರು.

“ಬಾಗ್ಲು ಆಕ್ಬುಟ್ಟಿದ್ರಂತೆ ಸ್ವಾಮಿ. ಬರೀ ಇಪ್ಪತ್ ನಿಮಿಷ ಒತ್ತಾಗಿದ್ದು” ಎಂದರು ಮಾದಪ್ಪ. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. “ಯಾಕ್ ಸ್ವಾಮಿ ಒತ್ತಾಯ್ತು? ನೀವು ಸರಿಯಾಗೇ ಏಳಿದ್ರಲ್ಲ?”

ನಾನು ಆಕಾಶದ ಲೆಕ್ಕವನ್ನಷ್ಟೇ ಹೇಳಿದೆ, ನೆಲದ ಲೆಕ್ಕ ಮರೆತೆ ಎನ್ನಬಹುದಿತ್ತು. ಸೂಟ್‌ಕೇಸ್ ಕೆಳಗೆ ಹಾಕಿಸಿದ್ದೂ ನಾನೇ ಎನ್ನಬಹುದಿತ್ತು. ಗಿರಾಕಿಗಳೆಲ್ಲ ಏರ್‌ಪೋರ್ಟ್ ಸಾಹೇಬರ ಬಾಯನ್ನೇ ನೋಡುತ್ತಿದ್ದರು.

“ಎದುರುಗಾಳಿ ಮಾದಪ್ಪ” ಎಂದೆ. “ಆ ಕಡೆ ಎದುರುಗಾಳಿ ಬಂದ್ಬಿಟ್ರೆ ಯಾರೂ ಏನೂ ಮಾಡೋಕಾಗಲ್ಲ.”

“ಬುಡಿ ಸ್ವಾಮಿ, ಗಾಳಿಗೆ ನೀವೇನ್ ಮಾಡಕ್ಕಾಯ್ತದೆ” ಎಂದು ಮಾದಪ್ಪ ನನಗೇ ಸಮಾಧಾನ ಹೇಳಿ ಒಂದು ಮೊಳ ಮಲ್ಲಿಗೆ ಹೆಚ್ಚಿಗೆ ಕೊಟ್ಟರು. ಅದನ್ನು ಹಿಡಿದುಕೊಂಡು ಇಳಿದೆ. ನಾಚಿಕೆಯಾಗಿತ್ತು, ನಿಜ. ಜೊತೆಗೆ, ಪಾರಾದೆ ಎಂಬ ನಿರಾಳವೂ ಇತ್ತು, ಅದೂ ನಿಜ.

ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ನನ್ನದು ಬೆಟ್ಟ ಇಳಿದು ಮಂಡಕಳ್ಳಿಗೇ ಬಂತು. ಎರಡು ತಿಂಗಳಾದ ಮೇಲೆ ವಯಸ್ಸಾದ ದಂಪತಿಗಳು ಕೌಂಟರಿಗೆ ಬಂದು, “ಬೆಳಗಾವಿ ಕಡೆ ಎದುರುಗಾಳಿ ಜಾಸ್ತಿಯಂತಲ್ಲ, ಹೋಗಬಹುದೇನ್ರೀ?” ಎಂದು ಕೇಳಿದರು. ಯಾರು ಹೇಳಿದ್ದು ಎಂದೆ. “ಬೆಟ್ಟದಲ್ಲಿ ಕಾಯಿ ಮಾರೋರು. ಅವರಿಗೆ ಏರ್‌ಪೋರ್ಟಿನ ದೊಡ್ಡ ಆಫೀಸರ್ರೇ ಹೇಳಿದ್ರಂತೆ.”

ಪಕ್ಕದಲ್ಲಿದ್ದ ಪೊನ್ನಮ್ಮ ಮೇಡಂ ತಲೆಯೆತ್ತಿದರು. “ಯಾವ ದೊಡ್ಡ ಆಫೀಸರ್? ಇಲ್ಲಿ ದೊಡ್ಡವಳು ಅಂತ ಇರೋದು ನಾನೊಬ್ಬಳೇ.” ನಾನು ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿದೆಯೇನೋ ಎಂಬಂತೆ ಅದರೊಳಗೆ ಮುಖ ಹಾಕಿದೆ. ಕೆಲವು ತಿಂಗಳ ನಂತರ ಆ ಬೆಳಗಾವಿ ವಿಮಾನವೇ ನಿಂತುಹೋಯಿತು. ಸಣ್ಣ ಊರುಗಳ ನಡುವಿನ ವಿಮಾನಗಳು ಬರುತ್ತವೆ, ಹೋಗುತ್ತವೆ, ಅದಕ್ಕೆ ಕಾರಣಗಳು ಬೇರೆ. ಆದರೂ ನನ್ನ ಗಾಳಿಯ ಪಾಲು ಎಷ್ಟಿತ್ತೋ ಎಂದು ಒಂದು ಅನುಮಾನ ಉಳಿದಿದೆ.

ನಾನು ನಿವೃತ್ತನಾದ ಮರುತಿಂಗಳು ಗಿರಿಜಾ ವಿದ್ಯಾರಣ್ಯಪುರಂನ ನಮ್ಮ ಮನೆಗೆ ಬಂದಳು. ಬೆಳಗಿನ ತಿಂಡಿಗೆ ಕೂತಿದ್ದೆ. ಹೆಂಡತಿ ವಿಮಲ ಅವಳಿಗೂ ತಟ್ಟೆ ಹಾಕಿದಳು. ಅವಳು ತಿನ್ನಲಿಲ್ಲ. ಚೀಲದಿಂದ ಒಂದು ಪತ್ರ ತೆಗೆದು ಮೇಜಿನ ಮೇಲಿಟ್ಟಳು. ಅದೇ ಕಾಲೇಜು. ಆಗ ಆಯ್ಕೆಯಾದವರು ಬಿಟ್ಟು ಹೋಗಿದ್ದಾರೆ, ಹುದ್ದೆ ಮತ್ತೆ ಖಾಲಿ, ಮತ್ತೆ ಸಂದರ್ಶನ.

“ಸಂತೋಷ ಕಣಮ್ಮ!” ಎಂದೆ.

“ಅಪ್ಪ ಕಳ್ಸಲ್ಲ ಅಂತಾರೆ ಸರ್. ಆ ಚಾಮುಂಡಿ ತಾಯೀನೇ ಗಾಳಿ ಬಿಟ್ಟು ತಡೆದ್ಲು, ಅಷ್ಟು ದೂರ ಓಗ್ಬೇಡ ಅಂತ ಅವಳೇ ಏಳವ್ಳೆ, ಇನ್ನೊಂದ್ಸಲ ಓದ್ರೆ ಅವಳ ಮಾತು ಮೀರ್ದಂಗೆ ಅಂತಾರೆ. ಬ್ಯಾಗು ಬರೋದು ತಡ ಆಯ್ತು, ವಿಮಾನ ಸರಿಯಾದ್ ಟೈಮಿಗೇ ಇಳೀತು ಅಂತ ಎಷ್ಟ್ ಏಳಿದ್ರೂ ನಂಬಲ್ಲ. ಏರ್‌ಪೋರ್ಟ್ ಸಾಹೇಬ್ರಿಗಿಂತ ನಿನಗೆ ಜಾಸ್ತಿ ಗೊತ್ತಾ ಅಂತಾರೆ.”

ಅವಳು ಅಳುತ್ತಿರಲಿಲ್ಲ. ನೇರವಾಗಿ ನನ್ನನ್ನೇ ನೋಡಿ ಅಂದಳು. “ಸರ್, ಗಾಳಿ ಇತ್ತಾ?”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ವಿಮಲಳಿಗೂ ನಾನು ಗಾಳಿಯ ಕಥೆಯನ್ನೇ ಹೇಳಿದ್ದೆ.

“ಇರಲಿಲ್ಲ” ಎಂದೆ.

“ಅದನ್ನ ನೀವೇ ಅಪ್ಪಂಗೆ ಏಳ್ಬುಡಿ. ನಾನ್ ಏಳಿದ್ರೆ ಆಗಲ್ಲ.”

ವಿಮಲ ಹೊರಗೆ ಬಂದು ನನ್ನ ಮುಂದಿನ ತಟ್ಟೆಯನ್ನು ಎತ್ತಿಕೊಂಡಳು. “ತಿಂಡಿ ಬಂದು ತಿನ್ನೋರಂತೆ. ಮೊದಲು ಬೆಟ್ಟಕ್ಕೆ ಹೋಗಿ ಬನ್ನಿ” ಎಂದಳು. ಮೂವತ್ತು ವರ್ಷದಲ್ಲಿ ಅವಳು ನನ್ನ ಮುಂದಿನ ತಟ್ಟೆ ಎತ್ತಿದ್ದು ಅದೊಂದೇ ಸಲ.

ಅವತ್ತು ಮೆಟ್ಟಿಲು ಹತ್ತುವ ಶಕ್ತಿ ಇರಲಿಲ್ಲ, ನಾನೂ ಗಿರಿಜಾಳೂ ಬಸ್ಸಿನಲ್ಲಿ ಹೋದೆವು. ಮಾದಪ್ಪ ಕಾಯಿ ಸುಲಿಯುತ್ತಿದ್ದರು. ಜನ ಕಮ್ಮಿಯಾಗಲಿ ಎಂದು ಕಾಯೋಣವೆನಿಸಿತು. ಆದರೆ ಸುಳ್ಳು ಹೇಳಿದ್ದು ಜನರ ಮುಂದೆ, ನಿಜ ಹೇಳುವಾಗ ಮರೆ ಹುಡುಕುವುದು ಯಾವ ನ್ಯಾಯ ಎಂದು ನಿಂತಲ್ಲೇ ಹೇಳಿದೆ. ವಿಮಾನ ಸರಿಯಾದ ಹೊತ್ತಿಗೇ ಇಳಿಯಿತು, ಗಾಳಿ ಇರಲಿಲ್ಲ, ಊರೊಳಗೆ ಹೋಗುವ ಹೊತ್ತನ್ನು ಲೆಕ್ಕಕ್ಕೆ ಹಿಡಿಯದವನು ನಾನು, ಪೆಟ್ಟಿಗೆಯನ್ನು ಕೈಯಿಂದ ಬಿಡಿಸಿದವನೂ ನಾನು, ಮರ್ಯಾದೆಗೆ ಹೆದರಿ ಗಾಳಿಯ ಮೇಲೆ ಹಾಕಿದೆ ಎಂದೆ. ಪಕ್ಕದಂಗಡಿಯ ಹೂವಾಡಗಿತ್ತಿ ಹೂ ಕಟ್ಟುವುದನ್ನು ನಿಲ್ಲಿಸಿ ಕೇಳುತ್ತಿದ್ದಳು.

ಮಾದಪ್ಪ ಕೈಯಲ್ಲಿದ್ದ ಕಾಯಿಯನ್ನು ಪೂರ್ತಿ ಸುಲಿದರು. ಜುಟ್ಟು ಬಿಟ್ಟು ನಾರು ಬಿಡಿಸಿ ಸಾಲಿನಲ್ಲಿಟ್ಟರು.

“ಅಂಗಾರೆ ತಾಯಿ ಬ್ಯಾಡ ಅಂದಿರ್ನಿಲ್ವಾ?”

“ಇಲ್ಲ ಮಾದಪ್ಪ.”

“ಒಂದು ವರ್ಷದಿಂದ ದಿನಾ ಗುಡಿ ಮುಂದೆ ನಿಂತ್ಕಂಡು, ಯಾಕವ್ವ ನನ್ ಮಗಳಿಗೆ ಅಡ್ಡ ಬಂದೆ ಅಂತ ಕೇಳ್ತಿದ್ದೆ ಸ್ವಾಮಿ. ಅವಳನ್ನ ಬೈದೂ ಬುಟ್ಟಿದೀನಿ.”

ನನ್ನನ್ನು ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಒಳಗೆ ಹೋಗಿ ಕೈ ತೊಳೆದು ಬಂದು ಮಗಳಿಗೆ, “ನಾಳಿದ್ದಕ್ಕೆ ಬಸ್ಸಿಗೆ ಬರೆಸು. ಮೂರು ಸೀಟು” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ನೀವೂ ಬನ್ನಿ. ಎಷ್ಟ್ ದೂರ ಅಂತ ಒಂದ್ಸಲ ನೋಡ್ಕಂಡ್ ಬರೀರಂತೆ” ಎಂದರು.

ಹೋದೆ. ಬೆಳಿಗ್ಗೆ ಆರಕ್ಕೆ ಹೊರಟ ಬಸ್ಸು ಅರಸೀಕೆರೆ, ದಾವಣಗೆರೆ, ಹಾವೇರಿ, ಹುಬ್ಬಳ್ಳಿ ಎಂದು ಸಾಗಿತು. ನಾನು ವರ್ಷಗಟ್ಟಲೆ ಒಂದೇ ಉಸಿರಿನಲ್ಲಿ ಹೇಳುತ್ತಿದ್ದ ದೂರದ ನಡುವೆ ಇಷ್ಟೊಂದು ಊರುಗಳು, ಇಷ್ಟೊಂದು ಹತ್ತಿ ಹೊಲ, ಇಷ್ಟೊಂದು ಜನ ಇದ್ದಾರೆಂದು ನನಗೆ ಗೊತ್ತಾದದ್ದು ನಿವೃತ್ತಿಯಾದ ಮೇಲೆ. ಅಪ್ಪ ಮಗಳು ಮುಂದಿನ ಸೀಟಿನಲ್ಲಿ, ನಾನೊಬ್ಬನೇ ಹಿಂದೆ. ಮಾದಪ್ಪ ಒಮ್ಮೆಯೂ ತಿರುಗಲಿಲ್ಲ. ಗಿರಿಜಾ ಮಾತ್ರ ರಸ್ತೆ ಅಗೆದ ಕಡೆಯೆಲ್ಲ ಬಸ್ಸು ಬಳಸಿಕೊಂಡು ಹೋಗುವಾಗ ತಿರುಗಿ, “ಸರ್, ಇದೂ ನೇರ ದಾರೀನಾ?” ಎಂದು ಕೇಳಿ ನಗಿಸಿದಳು. ಸೂಟ್‌ಕೇಸ್ ದಾರಿಯುದ್ದಕ್ಕೂ ಅವಳ ತೊಡೆಯ ಮೇಲೇ ಇತ್ತು.

ಕೆಲಸ ಸಿಕ್ಕಿತು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಈಗ ಅಲ್ಲಿ ಪಾಠ ಹೇಳುತ್ತಿದ್ದಾಳೆ, ಹಬ್ಬಕ್ಕೆ ಬಂದಾಗ ಕುಂದಾ ತಂದುಕೊಡುತ್ತಾಳೆ. ಆದರೆ ಮರುದಿನ ಬೆಳಿಗ್ಗೆ ನಮಗೆ ಅದು ಗೊತ್ತಿರಲಿಲ್ಲ. ಒಂಬತ್ತಕ್ಕೇ ಕಾಲೇಜಿನ ಗೇಟಿನ ಮುಂದೆ ಇದ್ದೆವು. ಕಾವಲಿನವನು ಪತ್ರ ನೋಡಿ ಅವಳೊಬ್ಬಳನ್ನೇ ಒಳಗೆ ಬಿಟ್ಟ. ಮಾದಪ್ಪ ಎದುರಿನ ಬೇವಿನ ಕಟ್ಟೆಯ ಮೇಲೆ ಕೂತರು. ನಾನು ಸ್ವಲ್ಪ ದೂರದಲ್ಲಿ ನಿಂತೆ.

ಹತ್ತಾಯಿತು, ಹನ್ನೊಂದಾಯಿತು. ಒಳಗಿಂದ ಒಬ್ಬೊಬ್ಬರೇ ಬರುತ್ತಿದ್ದರು, ಗಿರಿಜಾ ಬರಲಿಲ್ಲ. ಹಿಂದಿನ ದಿನ ಬೆಳಗಿನಿಂದ ನನ್ನೊಡನೆ ಮಾತಾಡದಿದ್ದ ಮಾದಪ್ಪ ಗೇಟಿನ ಮೇಲಿಟ್ಟ ಕಣ್ಣು ತೆಗೆಯದೆಯೇ ಕೇಳಿದರು.

“ಸ್ವಾಮಿ, ಇನ್ನೆಷ್ಟೊತ್ತಾಯ್ತದೆ?”

ಒಂದು ಸಂಖ್ಯೆ ನಾಲಗೆಯ ತುದಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡೆ.

“ಗೊತ್ತಿಲ್ಲ ಮಾದಪ್ಪ.”

ಅವರು ಮೊದಲ ಸಲ ತಿರುಗಿ ನನ್ನ ಮುಖ ನೋಡಿದರು. “ಅಂಗನ್ನಿ ಮತ್ತೆ” ಎಂದು ಕಟ್ಟೆಯ ಮೇಲೆ ಜರುಗಿ ನನಗೆ ಜಾಗ ಮಾಡಿಕೊಟ್ಟರು.